ಉಸ್ಮಾನಿಯಾ ಪಕ್ಕದಲ್ಲೊಂದು ರೂಮು: ಬೋರ್ಡು ಹೇಳದ ಲೆಕ್ಕ



"ನಮ್ಮ ಹುಡುಗನಿಗೆ ಉಸ್ಮಾನಿಯಾದಲ್ಲಿ ಸೀಟು ಸಿಕ್ಕಿದೆ, ಹತ್ತಿರ ಎಲ್ಲಾದರೂ ರೂಮು ಇದ್ದರೆ ನೋಡ್ರಿ." ಬೀದರ್, ಕಲಬುರಗಿ, ರಾಯಚೂರು ಕಡೆಯ ನೆಂಟರಿಂದ ಇಂಥ ಫೋನು ನಿಮಗೂ ಬಂದಿರಬಹುದು. ಈ ನಂಟು ಹಳೆಯದು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಆ ಮೂರೂ ಜಿಲ್ಲೆಗಳು ನಿಜಾಮರ ಸಂಸ್ಥಾನದಲ್ಲೇ ಇದ್ದವು. 1956ರಲ್ಲಿ ಗಡಿ ಬದಲಾಯಿತು, ಓದಲು ಇಲ್ಲಿಗೆ ಬರುವ ರೂಢಿ ಮಾತ್ರ ನಿಲ್ಲಲಿಲ್ಲ. ಹಾಸ್ಟೆಲ್ ಸಿಕ್ಕವರು ಅದೃಷ್ಟವಂತರು. ಸಿಗದವರಿಗಾಗಿ ಈ ನಾಲ್ಕು ಮಾತು.

ಎಲ್ಲಿ ಹುಡುಕಬೇಕು? ಕ್ಯಾಂಪಸ್ಸಿನ ಒಂದು ಮಗ್ಗುಲಿಗೆ ವಿದ್ಯಾನಗರ, ನಲ್ಲಕುಂಟ, ಅಡಿಕ್‌ಮೆಟ್. ಇನ್ನೊಂದು ಮಗ್ಗುಲಿಗೆ ತಾರ್ನಾಕ, ಹಬ್ಸಿಗುಡ, ಮಾಣಿಕೇಶ್ವರನಗರ. ತಾರ್ನಾಕಕ್ಕೆ 2017ರಿಂದ ಮೆಟ್ರೋ ಇದೆ. ಎಂಎಂಟಿಎಸ್ ರೈಲು ಹತ್ತುವವರಿಗೆ ಆರ್ಟ್ಸ್ ಕಾಲೇಜಿನ ಹೆಸರಿನದೇ ಒಂದು ನಿಲ್ದಾಣವಿದೆ. ಆದ್ದರಿಂದ ನಮ್ಮ ನೃಪತುಂಗ ಶಾಲೆಯಿರುವ ಕಾಚಿಗುಡದ ಕಡೆ ಕೋಣೆ ಸಿಕ್ಕರೂ ಬಿಡಬೇಡಿ.

ಇನ್ನು ಇಲ್ಲಿನ ಮನೆ ಭಾಷೆ. 'ಪೋರ್ಷನ್' ಎಂದರೆ ಮಾಲೀಕರ ಮನೆಯದೇ ಒಂದು ಭಾಗ. 'ಪೆಂಟ್‌ಹೌಸ್' ಎಂದರೆ ಅರಮನೆ ಎಂದುಕೊಳ್ಳಬೇಡಿ. ತಾರಸಿಯ ಮೇಲಿನ ಒಂದೆರಡು ಕೋಣೆ, ಅಷ್ಟೆ. ಚಳಿಗಾಲದಲ್ಲಿ ಹಾಯಾಗಿರುತ್ತದೆ, ಮೇ ತಿಂಗಳಲ್ಲಿ ಕಾದ ಹೆಂಚು. ಪರೀಕ್ಷೆಗಳು ಬೇಸಿಗೆಯಲ್ಲಿ ಬಂದರೆ ಏನು ಗತಿ ಎಂಬುದನ್ನೂ ಯೋಚಿಸಿ.

ಟು-ಲೆಟ್ ಬೋರ್ಡಿನ ಮೊತ್ತ ಕೇಳಿ ಹಿಗ್ಗುವ ಮೊದಲು ನೀರು ಮತ್ತು ಕರೆಂಟಿನ ವಿಚಾರ ಕೇಳಿ. "ಮಂಜೀರಾ ನೀರು ಬರುತ್ತದೆಯೇ?" ಎನ್ನುವುದು ಈ ಊರಿನ ಹಳೆಯ ಪ್ರಶ್ನೆ. ನಮ್ಮ ಬೀದರ್ ಜಿಲ್ಲೆಯಲ್ಲಿ ಹರಿದು ಬರುವ ಅದೇ ಮಂಜೀರಾ! ಕೃಷ್ಣೆ, ಗೋದಾವರಿಯ ನೀರೂ ನಗರಕ್ಕೆ ಬಂದ ಮೇಲೂ ನಲ್ಲಿ ನೀರಿಗೆ ಬಹಳ ಮಂದಿ ಅದೇ ಹೆಸರು ಹೇಳುತ್ತಾರೆ. ಬೋರ್‌ವೆಲ್ ಮಾತ್ರ ಇದ್ದರೆ, ಅದು ಬತ್ತಿದಾಗ ಟ್ಯಾಂಕರಿನ ದುಡ್ಡು ಯಾರದು ಎಂದು ಕೇಳಿಬಿಡಿ. ಕರೆಂಟಿಗೆ ನಿಮ್ಮದೇ ಮೀಟರ್ ಇದೆಯೇ ನೋಡಿ. ಯೂನಿಟ್ ಏರಿದಂತೆ ದರವೂ ಏರುವುದರಿಂದ, ಎರಡು ಮನೆಗೆ ಒಂದೇ ಮೀಟರ್ ಇದ್ದರೆ ಇಬ್ಬರಿಗೂ ಹೊರೆ.

ಎಲ್ಲಕ್ಕಿಂತ ಮುಖ್ಯ, ಅಡ್ವಾನ್ಸ್. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಕೇಳುವುದನ್ನು ಕಂಡವರಿಗೆ ಇಲ್ಲಿನ ಎರಡು-ಮೂರು ತಿಂಗಳ ರೂಢಿ ಹಗುರ ಎನಿಸುತ್ತದೆ. ಆದರೆ ತೊಗರಿ ಮಾರಿ ಫೀಸು ಕಟ್ಟಿದ ತಂದೆಗೆ ಅದೂ ದೊಡ್ಡ ಮೊತ್ತವೇ. ಅದು ಬಾಡಿಗೆಯಲ್ಲ, ಮರಳಿ ಬರಬೇಕಾದ ನಿಮ್ಮ ದುಡ್ಡು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹಾಕಿದೆ ನಿಜ. ಆದರೆ ಅದು ಮಾದರಿ ಮಾತ್ರ. ಆಯಾ ರಾಜ್ಯ ತನ್ನ ಕಾನೂನು ಮಾಡಿಕೊಂಡರಷ್ಟೇ ಜಾರಿ. ಹಾಗಾಗಿ ನಿಮ್ಮನ್ನು ಕಾಯುವುದು ಕೈಯಲ್ಲಿರುವ ಕಾಗದ.

ಆ ಕಾಗದ ಸಾಮಾನ್ಯವಾಗಿ 11 ತಿಂಗಳದ್ದು. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಈ ಲೆಕ್ಕ. ಅದರಲ್ಲಿ ಈ ಸಂಗತಿಗಳು ಇರಲಿ: ಕೊಟ್ಟ ಅಡ್ವಾನ್ಸ್ ಎಷ್ಟು, ಬಿಡುವ ಮುನ್ನ ಎಷ್ಟು ದಿನದ ಸೂಚನೆ ಕೊಡಬೇಕು, ಸುಣ್ಣ-ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಹಲವೆಡೆ ರೂಢಿ. ಮೊದಲೇ ಗೊತ್ತಿದ್ದರೆ ಕೊನೆಗೆ ಜಗಳವಿಲ್ಲ. ಮೂವರು ಗೆಳೆಯರು ಸೇರಿ ಹಿಡಿದರೆ ಮೂವರ ಹೆಸರೂ ಬರಲಿ. ಇಲ್ಲವಾದರೆ ನಡುವೆ ಇಬ್ಬರು ಊರಿಗೆ ಹೋದಾಗ ಇಡೀ ಬಾಡಿಗೆ ಒಬ್ಬನ ತಲೆಗೆ ಬರುತ್ತದೆ.

ಸಾಮಾನು ಇಡುವ ಮೊದಲು ಗೋಡೆ, ನಲ್ಲಿ, ಕಿಟಕಿಗಳ ಫೋಟೋ ತೆಗೆದು ಮಾಲೀಕರಿಗೂ ಕಳಿಸಿ. ಅಡ್ವಾನ್ಸನ್ನು ಬ್ಯಾಂಕಿನ ಮೂಲಕವೇ ಕೊಡಿ. ನಗದಾದರೆ ರಸೀದಿ ಪಡೆಯಿರಿ. "ನಮ್ಮವರೇ, ಕಾಗದ ಯಾಕೆ?" ಎಂದು ಯಾರಾದರೂ ಅಂದರೆ, ನಕ್ಕು ಪೆನ್ನು ಮುಂದೆ ಮಾಡಿ. ಬರೆದಿಟ್ಟಲ್ಲಿ ಸ್ನೇಹವೂ ಉಳಿಯುತ್ತದೆ.

ಊರಿನಿಂದ ಮುಂದಿನ ಫೋನು ಬಂದಾಗ ಇಷ್ಟನ್ನು ಅವರಿಗೂ ಓದಿ ಹೇಳಿ.