ಹಿತ್ತಿಲ ಹುಂಜದ ಕೊನೆಯ ಅರ್ಧ ಗಂಟೆ

ಕಾವು ಕೂತ ಹೇಂಟೆಯ ಅಡಿಯಿಂದ ಹನ್ನೆರಡು ಮರಿ ಎದ್ದರೆ ಹೆಚ್ಚುಕಡಿಮೆ ಅರ್ಧ ಹುಂಜಗಳೇ ಆಗಿರುತ್ತವೆ. ನಾಲ್ಕೈದು ತಿಂಗಳಾಗುವಷ್ಟರಲ್ಲಿ ಅವು ಒಂದರ ಜುಟ್ಟು ಇನ್ನೊಂದು ಹರಿಯತೊಡಗುತ್ತವೆ, ಹೇಂಟೆಗಳ ಬೆನ್ನಿನ ಪುಕ್ಕ ಕಿತ್ತುಹೋಗುತ್ತದೆ, ಪಕ್ಕದ ಮನೆಯವರಿಗೆ ಬೆಳಗಿನ ಜಾವದ ನಿದ್ದೆ ತಪ್ಪುತ್ತದೆ. 'ಈ ಭಾನುವಾರ ಒಂದನ್ನ ಕುಯ್ಯಣ' ಎಂಬ ಮಾತು ಮನೆಯಲ್ಲಿ ಬರುವುದೇ ಆಗ. ಸಾರಿಗೆ ಎಷ್ಟು ಕಾಯಿ ರುಬ್ಬಬೇಕು, ಮುದ್ದೆಯೋ ರೊಟ್ಟಿಯೋ ಎಂಬ ಚರ್ಚೆ ಜೋರಾಗಿ ನಡೆಯುತ್ತದೆ. ಯಾರು ಕುಯ್ಯಬೇಕು, ಹೇಗೆ ಕುಯ್ದರೆ ಅದಕ್ಕೆ ಕಡಿಮೆ ನೋವು ಎಂಬುದು ಮಾತ್ರ ಚರ್ಚೆಗೆ ಬರುವುದಿಲ್ಲ.

ಹಿಂದೆ ಬರಬೇಕಾದ ಅಗತ್ಯವೂ ಅಷ್ಟಿರಲಿಲ್ಲ. ಎಷ್ಟೋ ಊರುಗಳಲ್ಲಿ ಕುರಿ, ಕೋಳಿ ಕುಯ್ಯಲು ಮುಲ್ಲಾನನ್ನು ಕರೆಯುವುದು ವಾಡಿಕೆ. ಇಲ್ಲವಾದರೆ ಕೈ ಪಳಗಿದ ದೊಡ್ಡಪ್ಪನೋ ಸೋದರಮಾವನೋ ಇರುತ್ತಿದ್ದ. ಈಗ ಊರಾಚೆ ಎರಡು ಗುಂಟೆ ಜಾಗ ಕೊಂಡು, ಹತ್ತು ನಾಟಿ ಕೋಳಿ ಬಿಟ್ಟು, ಕುಯ್ಯುವ ವಿದ್ಯೆಯನ್ನು ಮೊಬೈಲಿನಲ್ಲಿ ನೋಡಿ ಕಲಿಯುವವರ ಕಾಲ. ಅವರು ಕೇಳುವ ಮೊದಲ ಪ್ರಶ್ನೆ 'ಯಾವ ವಿಧಾನ ಒಳ್ಳೆಯದು?' ಎಂಬುದು. ಪ್ರಶ್ನೆ ಸರಿಯಾದದ್ದೇ, ಆದರೆ ತುಸು ತಡವಾಗಿ ಬರುತ್ತದೆ. ಕೋಳಿಯ ಸಂಕಟ ಬಹುಪಾಲು ಕತ್ತಿ ಕೈಗೆ ಬರುವ ಮೊದಲೇ ಶುರುವಾಗಿರುತ್ತದೆ.

ಬೆಳಿಗ್ಗೆ ಹಿತ್ತಿಲಲ್ಲಿ ಹುಂಜವನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯವನ್ನೇ ನೋಡಿ. ನಾಲ್ಕು ಜನ, ಎರಡು ನಾಯಿ, ನಗು, ಕೂಗು. ಕೊನೆಗೆ ಬೇಲಿಯ ಮೂಲೆಯಲ್ಲಿ ರೆಕ್ಕೆ ಸಿಕ್ಕಿಸಿಕೊಂಡ ಹಕ್ಕಿ. ಬೇಟೆಯೇ ಬೇಕಿಲ್ಲ. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಗೂಡು ಸೇರಿದ ಮೇಲೆ ಮಂದ ಬೆಳಕಿನಲ್ಲಿ ಎರಡೂ ಕೈಯಿಂದ ರೆಕ್ಕೆಗಳನ್ನು ಒತ್ತಿ ಹಿಡಿದು ಎತ್ತಿದರೆ ಅದು ಸದ್ದು ಮಾಡದೆ ಬರುತ್ತದೆ. ರಾತ್ರಿಯೇ ಹಿಡಿದು, ಗಾಳಿಯಾಡುವ ಮಂಕರಿಯ ಅಡಿ ಬಿಟ್ಟು, ಕಾಳು ಹಾಕದೆ ನೀರು ಮಾತ್ರ ಇಟ್ಟರೆ ಬೆಳಗಿನ ಹೊತ್ತಿಗೆ ಕತ್ತಿನ ಬುಡದ ಕಾಳುಚೀಲವೂ ಖಾಲಿಯಾಗಿ ಮುಂದೆ ಶುಚಿ ಮಾಡುವುದು ಸಲೀಸು.

ಇನ್ನೊಂದು ದೃಶ್ಯ ಸಂತೆಯ ದಾರಿಯದು: ಸೈಕಲ್ಲಿನ ಹ್ಯಾಂಡಲಿಗೆ ಕಾಲು ಕಟ್ಟಿ ತಲೆಕೆಳಗಾಗಿ ತೂಗುಬಿಟ್ಟ ಕೋಳಿಗಳು. ನಮಗಿರುವಂತೆ ಎದೆ ಹೊಟ್ಟೆಯ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಕೋಳಿಗೆ ಇಲ್ಲ. ತಲೆಕೆಳಗಾದಾಗ ಕರುಳು, ಪಿತ್ತಜನಕಾಂಗಗಳ ಭಾರವೆಲ್ಲ ಗಾಳಿಚೀಲಗಳ ಮೇಲೆ ಬಿದ್ದು ಉಸಿರಾಟ ಕಷ್ಟವಾಗುತ್ತದೆ. ಅದು ಸುಮ್ಮನಿದೆ ಎಂದರೆ ನೆಮ್ಮದಿಯಿಂದಿದೆ ಎಂದು ಅರ್ಥವಲ್ಲ. ಜರ್ಮನ್ ಪಾದ್ರಿ ಅಥನಾಸಿಯಸ್ ಕಿರ್ಚರ್ 1646ರಲ್ಲೇ ಕೋಳಿಯನ್ನು ನೆಲಕ್ಕೆ ಒತ್ತಿ, ಅದರ ಕೊಕ್ಕಿನ ಮುಂದೆ ಸೀಮೆಸುಣ್ಣದ ಗೆರೆ ಎಳೆದು ಅಲ್ಲಾಡದಂತೆ ಮಲಗಿಸುವ ಪ್ರಯೋಗವನ್ನು ಬರೆದಿಟ್ಟ. ಇವತ್ತಿಗೂ 'ಕುಯ್ಯುವ ಮುಂಚೆ ಹೀಗೆ ಮಂಕು ಹಿಡಿಸಿ' ಎಂದು ಸಲಹೆ ಕೊಡುವವರಿದ್ದಾರೆ. ಪ್ರಾಣಿ ವರ್ತನೆ ತಿಳಿದವರು ಹೇಳುವುದು ಬೇರೆ: ಅದು ಹದ್ದಿನ ಉಗುರಿಗೆ ಸಿಕ್ಕ ಹಕ್ಕಿ ಸತ್ತಂತೆ ಬಿದ್ದುಕೊಳ್ಳುವ ಸ್ಥಿತಿ, ಭಯದ ತುತ್ತತುದಿ.

ಈಗ ಕತ್ತಿಯ ಮಾತು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕುತ್ತಿಗೆ ಕುಯ್ಯುವ ಕ್ರಮ. ಅದು ಕೆಡುವುದು ಎರಡೇ ಕಾರಣಕ್ಕೆ: ಕತ್ತಿ ಮೊಂಡು, ಇಲ್ಲವೇ ಜಾಗ ತಪ್ಪು. ಮಿದುಳಿಗೆ ರಕ್ತ ಒಯ್ಯುವ ಎರಡು ಅಪಧಮನಿಗಳು ಕೋಳಿಯ ಕತ್ತಿನ ನಡುಭಾಗದಲ್ಲಿ ಸ್ನಾಯುವಿನ ಅಡಿಯಲ್ಲಿ, ಮೂಳೆಗೆ ಅಂಟಿದಂತೆ ಜೋಡಿಯಾಗಿ ಸಾಗುತ್ತವೆ. ತಲೆಯ ಹತ್ತಿರ ಬಂದಾಗಲೇ ಅವು ಎಡಕ್ಕೊಂದು ಬಲಕ್ಕೊಂದು ಬೇರೆಯಾಗುವುದು. ಹಿಡಿತ ಸಿಗುತ್ತದೆಂದು ಕತ್ತಿನ ನಡುವೆ ಕುಯ್ದರೆ ಚರ್ಮ, ಶ್ವಾಸನಾಳ, ಒಂದಿಷ್ಟು ಅಭಿಧಮನಿ ಹರಿದು ರಕ್ತವೇನೋ ಸುರಿಯುತ್ತದೆ. ಅಪಧಮನಿ ಮಾತ್ರ ಉಳಿದು ಮಿದುಳಿಗೆ ರಕ್ತ ಹೋಗುತ್ತಲೇ ಇರುತ್ತದೆ. ಹಾಗಾಗಿ ಕುಯ್ಯಬೇಕಾದ್ದು ದವಡೆಯ ಹಿಂದೆ, ಕಿವಿಯ ಕೆಳಗೆ, ಎರಡೂ ಬದಿಗೆ ಮುಟ್ಟುವಂತೆ. ಬ್ರಿಟನ್ನಿನ ಗ್ರೆಗರಿ ಮತ್ತು ವಾಟನ್ ಎಂಬ ವಿಜ್ಞಾನಿಗಳು 1986ರಲ್ಲಿ ಮಿದುಳಿನ ಸಂಕೇತಗಳನ್ನು ಅಳೆದು ತೋರಿಸಿದ್ದೂ ಇದನ್ನೇ. ಎರಡೂ ಅಪಧಮನಿ ತುಂಡಾದ ಕೋಳಿಯ ಮಿದುಳು ಬೇಗ ಸ್ತಬ್ಧವಾಗುತ್ತದೆ, ಬೇರೆ ರೀತಿ ಕುಯ್ದಾಗ ನಿಧಾನ.

ಪುಕ್ಕವೂ ಕತ್ತಿಯನ್ನು ಜಾರಿಸುತ್ತದೆ. ಒದ್ದೆ ಕೈಯಿಂದ ಅದನ್ನು ಸರಿಸಿ ಚರ್ಮ ಕಾಣಿಸಿಕೊಂಡು, ಹಣ್ಣು ಹೆಚ್ಚುವ ಚಾಕುವಲ್ಲದ, ಆಗಷ್ಟೇ ಮಸೆದ ತೆಳು ಅಲಗಿನ ಚೂರಿಯಿಂದ ಒಂದೇ ಎಳೆತದಲ್ಲಿ ಮುಗಿಸಬೇಕು. ಗರಗಸದಂತೆ ಹಿಂದೆ ಮುಂದೆ ಎಳೆಯುವುದು ಸಲ್ಲ. ಅಲಗು ಹರಿತವಾಗಿರಲಿ, ಅದನ್ನು ಪ್ರಾಣಿಯ ಎದುರಿಗೆ ಮಸೆಯಬೇಡಿ ಎಂಬ ಸೂಚನೆ ಇಸ್ಲಾಮಿನ ಹದೀಸ್‌ಗಳಲ್ಲೂ ಇದೆ. ಹಲಾಲ್, ಝಟ್ಕಾ ಎಂದು ಜಗಳಕ್ಕೆ ನಿಲ್ಲುವವರು ಇಬ್ಬರ ಮನೆಯಲ್ಲೂ ಕತ್ತಿ ಮೊಂಡಾಗಿದೆಯೇ ಎಂದು ಮೊದಲು ನೋಡುವುದು ಮೇಲು.

ಎಷ್ಟೇ ಸರಿಯಾಗಿ ಕುಯ್ದರೂ ಎಚ್ಚರ ತಪ್ಪಲು ಕೆಲವು ಸೆಕೆಂಡು ಬೇಕೇ ಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಕೋಳಿಯ ತಲೆಯನ್ನು ವಿದ್ಯುತ್ ಹರಿಯುವ ನೀರಿಗೆ ತಾಗಿಸಿ ಮೊದಲು ಪ್ರಜ್ಞೆ ತಪ್ಪಿಸುವುದು ಈ ಕಾರಣಕ್ಕೆ. ಮನೆಯಲ್ಲಿ ಅದನ್ನು ಅನುಕರಿಸಲು ಹೋದರೆ ಪ್ರಜ್ಞೆ ತಪ್ಪುವುದು ಕೋಳಿಗೋ ಯಜಮಾನನಿಗೋ ಹೇಳಲಾಗದು.

ಕತ್ತಿಯಿಲ್ಲದ ದಾರಿ ಎಂದರೆ ಗೋಣು ಮುರಿಯುವುದು. ಒಂದು ಕೈಯಲ್ಲಿ ಕಾಲು ಹಿಡಿದು, ಇನ್ನೊಂದರಿಂದ ತಲೆಯ ಹಿಂಬದಿಯನ್ನು ಬೆರಳ ಸಂದಿಗೆ ಸಿಕ್ಕಿಸಿ, ಕೆಳಕ್ಕೆ ಎಳೆಯುತ್ತಲೇ ತಲೆಯನ್ನು ಹಿಂದಕ್ಕೆ ಬಾಗಿಸಿದಾಗ ತಲೆಬುರುಡೆ ಮತ್ತು ಮೊದಲ ಕಶೇರುವಿನ ನಡುವೆ ಅಂತರ ಬಿದ್ದು ಮಿದುಳುಬಳ್ಳಿ, ರಕ್ತನಾಳ ಎರಡೂ ಹರಿಯುತ್ತವೆ. ಬಲ್ಲವರ ಕೈಯಲ್ಲಿ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ, ಅರೆಬರೆ ಕಲಿತವರ ಕೈಯಲ್ಲಿ ಚಿತ್ರಹಿಂಸೆ. ಇಕ್ಕಳದಂಥ ಸಾಧನದಿಂದ ಕತ್ತನ್ನು ಹಿಸುಕುವುದಂತೂ ಬೇಡವೇ ಬೇಡ. ಅದು ಉಸಿರು ಕಟ್ಟಿಸುತ್ತದೆಯೇ ಹೊರತು ಬಳ್ಳಿಯನ್ನು ಹರಿಯುವುದಿಲ್ಲ. ಐರೋಪ್ಯ ಒಕ್ಕೂಟದ 2009ರ ನಿಯಮ ಬರಿಗೈಯಲ್ಲಿ ಗೋಣು ಮುರಿಯುವುದಕ್ಕೆ 3 ಕೆ.ಜಿ. ತೂಕದ ಮಿತಿ ಹಾಕಿದೆ, ಒಬ್ಬ ವ್ಯಕ್ತಿಗೆ ದಿನಕ್ಕೆ 70 ಹಕ್ಕಿಯ ಮಿತಿಯನ್ನೂ ಹಾಕಿದೆ. ಸೋತ ಕೈ ತಪ್ಪುತ್ತದೆಂಬ ಲೆಕ್ಕಾಚಾರ ಅದು. ನಮ್ಮ ಹಿತ್ತಿಲಿಗೆ ತೂಕದ ಮಾತು ಹೆಚ್ಚು ಅನ್ವಯ. ಜವಾರಿ ಹೇಂಟೆ ಒಂದೂವರೆ ಕೆ.ಜಿ. ದಾಟುವುದು ಅಪರೂಪ. ಆದರೆ ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಯಾಗಿ 2005ರಲ್ಲಿ ಹೊರಬಂದ ಸ್ವರ್ಣಧಾರಾ ತಳಿಯ ಹುಂಜ ಬಲಿತರೆ 4 ಕೆ.ಜಿ. ಮುಟ್ಟುತ್ತದೆ. ಅದರ ಕತ್ತು ಕೈಯಲ್ಲಿ ಮುರಿಯುತ್ತೇನೆಂದು ಹೊರಡುವುದು ಭಂಡಧೈರ್ಯ. ಅದಕ್ಕೆ ಚೂರಿಯೇ ಸರಿ.

ಕೊಡಲಿಯಿಂದ ತಲೆ ಹಾರಿಸಿಬಿಟ್ಟರೆ ಒಂದೇ ಏಟಿಗೆ ಮುಗಿಯಿತಲ್ಲ ಎನ್ನುವವರಿಗೆ ಅಮೆರಿಕದ ಕೊಲರಾಡೊ ರಾಜ್ಯದ ಫ್ರೂಟಾ ಎಂಬ ಊರಿನ ಕಥೆ ಹೇಳಬೇಕು. 1945ರ ಸೆಪ್ಟೆಂಬರ್ 10ರಂದು ಲಾಯ್ಡ್ ಓಲ್ಸನ್ ಎಂಬ ರೈತ ಒಂದು ಹುಂಜದ ತಲೆ ಕಡಿದ. ಏಟು ತುಸು ಮೇಲೆ ಬಿತ್ತು. ಕತ್ತಿನ ಮುಖ್ಯ ರಕ್ತನಾಳವೂ ಮಿದುಳಿನ ಕಾಂಡದ ಬಹುಭಾಗವೂ ಉಳಿದವು. ಹುಂಜ ಎದ್ದು ಓಡಾಡಿತು. ಕಣ್ಣಿಗೆ ಔಷಧಿ ಬಿಡುವ ಡ್ರಾಪರಿನಿಂದ ಅನ್ನನಾಳಕ್ಕೇ ಆಹಾರ ಹನಿಸುತ್ತ, ಊರೂರು ಸುತ್ತಿಸಿ, ಟಿಕೆಟ್ ಇಟ್ಟು ಜನರಿಗೆ ತೋರಿಸಿದರು. 'ತಲೆಯಿಲ್ಲದ ಮೈಕ್' ಹದಿನೆಂಟು ತಿಂಗಳು ಬದುಕಿತು. ಫ್ರೂಟಾದಲ್ಲಿ ಈಗ ಅದರ ಹೆಸರಿನಲ್ಲಿ ಜಾತ್ರೆಯೇ ನಡೆಯುತ್ತದೆ. ಜಗತ್ತು ಇದನ್ನು ಪವಾಡವೆಂದು ನೆನೆಯುತ್ತದೆ. ಕಸುಬಿನ ಕಣ್ಣಿನಿಂದ ನೋಡಿದರೆ ಇದು ಅರ್ಧ ಅಂಗುಲ ಗುರಿತಪ್ಪಿದ ಏಟಿನ ಕಥೆ.

ಗುರಿ ತಪ್ಪದಿರಲು ಹಕ್ಕಿ ಅಲ್ಲಾಡಬಾರದು. ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನಿನ ತಳ ಕತ್ತರಿಸಿ, ಬಾಯನ್ನು ತಲೆ ಹಿಡಿಸುವಷ್ಟು ಅಗಲಿಸಿ, ಕಂಬಕ್ಕೆ ತಲೆಕೆಳಗಾಗಿ ಮೊಳೆ ಹೊಡೆದರೆ ಆಲಿಕೆಯಂಥದೊಂದು ಸಿದ್ಧವಾಗುತ್ತದೆ. ಕೋಳಿಯನ್ನು ಅದರೊಳಗೆ ಇಳಿಸಿದರೆ ರೆಕ್ಕೆ ಮೈಗೆ ಒತ್ತಿಕೊಂಡು, ತಲೆಯಷ್ಟೇ ಕೆಳಗೆ ಬರುತ್ತದೆ. ಇಲ್ಲೂ ತಲೆಕೆಳಗೇ ನಿಜ. ಆದ್ದರಿಂದ ಚೂರಿ ಕೈಯಲ್ಲಿ ಸಿದ್ಧವಿದ್ದ ಮೇಲೆಯೇ ಇಳಿಸಬೇಕು. ಪೇಟೆಯ ಅಂಗಡಿಗಳಲ್ಲಿ ಕುಯ್ದ ಕೂಡಲೇ ಡ್ರಮ್ಮಿಗೆ ಎಸೆದು, ಒಳಗಿನ ಪಟಪಟ ಸದ್ದು ನಿಲ್ಲುವವರೆಗೆ ಗಿರಾಕಿಯ ಜೊತೆ ಕ್ರಿಕೆಟ್ ಮಾತಾಡುವ ಕ್ರಮಕ್ಕಿಂತ ಇದು ಎಷ್ಟೋ ವಾಸಿ. ರೆಕ್ಕೆ ಮುರಿಯುವುದಿಲ್ಲ, ಮಾಂಸದಲ್ಲಿ ರಕ್ತ ಹೆಪ್ಪುಗಟ್ಟುವುದಿಲ್ಲ.

ಕಾನೂನು ಹಿತ್ತಿಲವರೆಗೆ ಬರುವುದು ಕಡಿಮೆ. 2001ರ ಕಸಾಯಿಖಾನೆ ನಿಯಮಗಳು ಅನ್ವಯಿಸುವುದು ದಿನಕ್ಕೆ 10 ಅಥವಾ ಹೆಚ್ಚು ಪ್ರಾಣಿ ಕುಯ್ಯುವ ಜಾಗಕ್ಕೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಆಹಾರಕ್ಕಾಗಿ ಕೊಲ್ಲುವುದನ್ನು ಅಪರಾಧ ಎನ್ನುವುದಿಲ್ಲ. ಅನಗತ್ಯ ನೋವು ಕೊಟ್ಟರೆ ಆ ರಿಯಾಯಿತಿ ಇಲ್ಲ. ಹರಕೆಯ ಕೋಳಿಯದು ಬೇರೆ ಲೆಕ್ಕ: ಹಿಂದೂ ದೇವಸ್ಥಾನದ ಆವರಣದಲ್ಲಿ ಬಲಿ ಕೊಡುವುದನ್ನು ಕರ್ನಾಟಕದ 1959ರ ಕಾಯ್ದೆ ನಿಷೇಧಿಸಿದೆ. ಕಸಾಯಿಖಾನೆಯ ನಿಯಮಗಳಿಂದ ಮನೆಯವರು ಎರವಲು ತರಬಹುದಾದ ಮಾತೊಂದಿದೆ. ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕುಯ್ಯಬಾರದು.

ಕುಯ್ದ ಮೇಲೆ ಬಡಿದಾಟ ಬರುತ್ತದೆ, ಹೊಸಬರು ಬೆಚ್ಚುವುದು ಇಲ್ಲಿ. ಜೋರಾಗಿ ರೆಕ್ಕೆ ಬಡಿಯುವುದು ಬಹುತೇಕ ಮಿದುಳಿನ ಹಿಡಿತ ತಪ್ಪಿದ ನರಗಳ ಆಟ. ಅದನ್ನು ನೋಡಿ ಗಾಬರಿಯಿಂದ ಮತ್ತೆ ಮತ್ತೆ ಕುಯ್ಯಬೇಕಿಲ್ಲ. ನೋಡಬೇಕಾದ್ದು ಬೇರೆ. ಕಣ್ಣಿನ ಗುಡ್ಡೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದಾಗ ರೆಪ್ಪೆ ಮಿಡಿಯುತ್ತದೆಯೇ? ಹೊಟ್ಟೆಯ ಹಿಂಭಾಗ ಉಸಿರಿನ ಲಯಕ್ಕೆ ಏರಿಳಿಯುತ್ತಿದೆಯೇ? ಕತ್ತು ಪೂರ್ತಿ ಜೋತುಬಿದ್ದಿದೆಯೇ? ರೆಪ್ಪೆ ಮಿಡಿದರೆ, ಉಸಿರಿದ್ದರೆ, ಕೆಲಸ ಮುಗಿದಿಲ್ಲ, ತಡಮಾಡದೆ ಮುಗಿಸಬೇಕು. ಪ್ರಜ್ಞೆ ತಪ್ಪಿಸದೆ ಕುಯ್ದ ಕೋಳಿಯನ್ನು ಕನಿಷ್ಠ 90 ಸೆಕೆಂಡು ಮುಟ್ಟಬಾರದೆಂದು ಇಂಗ್ಲೆಂಡಿನ ನಿಯಮವಿದೆ. ಗಡಿಯಾರ ನೋಡಿಕೊಂಡು ನಿಂತರೆ ಒಂದೂವರೆ ನಿಮಿಷ ದೊಡ್ಡದೇ. ಒಲೆಯ ಮೇಲೆ ನೀರು ಕಾದಿದೆಯೆಂದು ಅವಸರಪಟ್ಟು ಇನ್ನೂ ಜೀವವಿರುವ ಹಕ್ಕಿಯನ್ನು ಅದ್ದುವುದೇ ಈ ಇಡೀ ಕೆಲಸದಲ್ಲಿ ಆಗಬಹುದಾದ ಅತಿ ಘೋರ ತಪ್ಪು.

ಆ ನೀರಾದರೂ ಕುದಿಯಬೇಕಿಲ್ಲ. 60ರಿಂದ 65 ಡಿಗ್ರಿ ಇದ್ದರೆ ಸಾಕು, ಸುಮಾರು ಒಂದು ನಿಮಿಷ ಮುಳುಗಿಸಿದರೆ ಪುಕ್ಕ ಸಡಿಲವಾಗುತ್ತದೆ. ಮರಳುವ ನೀರಿಗೆ ಹಾಕಿದರೆ ಚರ್ಮವೇ ಕಿತ್ತು ಬರುತ್ತದೆ. ಆಮೇಲೆ ತೆಂಗಿನ ಗರಿಯ ಉರಿಯಲ್ಲಿ ಸವರಿ, ಅರಿಶಿನ ಹಚ್ಚಿ ತಿಕ್ಕಿ ತೊಳೆದು ಒಳಗೆ ಕೊಟ್ಟರೆ, ಕಾಯಿ ರುಬ್ಬುವ ಚರ್ಚೆಯನ್ನು ಬಿಟ್ಟಲ್ಲಿಂದ ಮುಂದುವರಿಸಬಹುದು.