ಕೆಡಹುವ ಮುನ್ನ ಪರೀಕ್ಷೆ

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳು ಮಲೆನಾಡಿನ ಸೀಮೆಗೆ ಸೇರಿದುವು. ಶೃಂಗೇರಿಯಲ್ಲಿ ವರ್ಷವೊಂದಕ್ಕೆ ೩,೦೦೦ ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುತ್ತದೆ. ಇಂತಹ ಕಡೆ ಮನೆಯೆಂದರೆ ಮೊದಲು ಮಾಡು, ಅನಂತರ ಗೋಡೆ. ಹುಲ್ಲಿನ ಮಾಡು ಹೋಗಿ ಮಂಗಳೂರು ಹೆಂಚು ಬಂದಿತು; ಬಳಿಕ ಕೊಟ್ಟಿಗೆ, ಸೌದೆಮನೆಗಳ ಮೇಲೆ ಅಲೆಯಲೆಯಾದ ಬೂದುಬಣ್ಣದ ಸಿಮೆಂಟು ಶೀಟುಗಳು ಏರಿದುವು. ಮಳೆಗಾಲ ಕಳೆದೊಡನೆ ಹಳೆಯ ಕಟ್ಟಡಗಳನ್ನು ಕೆಡಹುವ ಕೆಲಸ ಮೊದಲಾಗುತ್ತದೆ. ತೊಲೆ, ಬಾಗಿಲು, ಹೆಂಚು ಮತ್ತೊಂದು ಮನೆಗೆ ಸಲ್ಲುತ್ತವೆ. ಈ ಮಿತವ್ಯಯ ಮೆಚ್ಚತಕ್ಕದ್ದೇ. ಆದರೆ ಅದಕ್ಕೂ ಮುನ್ನ ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಕಟ್ಟಡದಲ್ಲಿ ಅಡಗಿರುವುದೇನು?

ಮೊದಲು ಆ ಶೀಟನ್ನೇ ನೋಡೋಣ. ಸಿಮೆಂಟಿಗೆ ಬಲ ಕೊಡಲೆಂದು ಅದರಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಆಸ್ಬೆಸ್ಟಾಸನ್ನು ಬೆರೆಸುತ್ತಾರೆ. ಕನ್ನಡದಲ್ಲಿ ಇದಕ್ಕೆ ಕಲ್ನಾರು ಎಂದು ಹೆಸರು. ಕಲ್ಲೂ ಹೌದು, ನಾರೂ ಹೌದು. ಬೆಂಕಿಗೆ ಉರಿಯದು, ನೀರಿಗೆ ಕೊಳೆಯದು. ಹೊರಗೆ ಗುಣವಾದುದೇ ದೇಹದೊಳಗೆ ದೋಷವಾಗುತ್ತದೆ. ಶೀಟು ಇಡಿಯಾಗಿರುವವರೆಗೆ ನಾರು ಸಿಮೆಂಟಿನಲ್ಲಿ ಬಹುಮಟ್ಟಿಗೆ ಬಂಧಿತವಾಗಿರುತ್ತದೆ. ಒಡೆದಾಗ, ಕೊಯ್ದಾಗ, ಪಾಚಿ ತೆಗೆಯಲು ಒಣಗಿದಂತೆಯೇ ಉಜ್ಜಿದಾಗ ಅದು ಗಾಳಿಗೆ ಸೇರುತ್ತದೆ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್. ೩ ಮೈಕ್ರಾನಿಗಿಂತ ತೆಳುವಾದ ನಾರು ಕಣ್ಣಿಗೆ ಕಾಣದೆ ಶ್ವಾಸಕೋಶದ ಆಳಕ್ಕಿಳಿದು ಅಲ್ಲಿಯೇ ನೆಲಸಬಲ್ಲದು. ಸೇವಿಸಿದ ಧೂಳು ಹೆಚ್ಚಿದಷ್ಟೂ ಅಪಾಯ ಹೆಚ್ಚು. ಶ್ವಾಸಕೋಶದ ಇಲ್ಲವೆ ಅದರ ಹೊರಪೊರೆಯ ಕ್ಯಾನ್ಸರ್ ತಲೆದೋರಲು ಹಲವು ವೇಳೆ ೨೦ರಿಂದ ೪೦ ವರ್ಷ ಹಿಡಿಯುತ್ತದೆ. ಇಪ್ಪತ್ತರ ಪ್ರಾಯದಲ್ಲಿ ಹಾರೆ ಹಿಡಿದವನಿಗೆ ಅರುವತ್ತರಲ್ಲಿ ಆ ಧೂಳಿನ ನೆನಪೂ ಇರದು.

ಎರಡನೆಯದು ಬಣ್ಣ. ಹಳೆಯ ಬಾಗಿಲು ಕಿಟಕಿಗಳ ಎಣ್ಣೆಬಣ್ಣದಲ್ಲಿ ಸೀಸದ ಸಂಯುಕ್ತಗಳಿರಬಹುದು. ಭಾರತದಲ್ಲಿ ಮನೆಬಣ್ಣದ ಸೀಸವನ್ನು ಹತ್ತು ಲಕ್ಷದಲ್ಲಿ ೯೦ ಭಾಗಕ್ಕೆ ಮಿತಿಗೊಳಿಸುವ ನಿಯಮ ಜಾರಿಗೆ ಬಂದುದು ೨೦೧೭ರಲ್ಲಿ. ಬಾಗಿಲನ್ನು ಉಜ್ಜಿದರೆ ಸೀಸ ಧೂಳಾಗುತ್ತದೆ. ಮುರುಕು ಚೌಕಟ್ಟನ್ನು ಬಚ್ಚಲೊಲೆಗೆ ಹಾಕಿದರೆ ಹೊಗೆಯಲ್ಲೂ ಬೂದಿಯಲ್ಲೂ ಸೇರುತ್ತದೆ. ಅದೇ ಬೂದಿ ತರಕಾರಿಯ ಪಾತಿಗೂ ಹೋಗುವುದುಂಟು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ನಿರಪಾಯವೆನ್ನಬಹುದಾದ ಪ್ರಮಾಣ ಯಾವುದೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇವುಗಳನ್ನು ಕಂಡುಹಿಡಿಯುವುದು ಹೇಗೆ? ಬರಿಯ ನೋಟ ಸಾಲದು. ಕಲ್ನಾರಿಲ್ಲದ ಶೀಟೂ ಹಾಗೆಯೇ ಕಾಣುತ್ತದೆ. ತರಬೇತಿ ಪಡೆದವರು ಶೀಟನ್ನು ನೆನೆಸಿ, ಚಿಕ್ಕದೊಂದು ತುಣುಕನ್ನು ಭದ್ರವಾದ ಚೀಲದಲ್ಲಿಟ್ಟು ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ಅಲ್ಲಿ ಅದನ್ನು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಂದಕ್ಕೊಂದು ಅಡ್ಡವಾಗಿಟ್ಟ ಎರಡು ಧ್ರುವಕಗಳ ನಡುವೆ ಗಾಜಿನ ನಾರು ಕತ್ತಲಲ್ಲೇ ಉಳಿಯುತ್ತದೆ. ಸ್ಫಟಿಕರಚನೆಯ ಕಲ್ನಾರು ಹೊಳೆಯುತ್ತದೆ. ಕಾಗದದ ನಾರೂ ಹೊಳೆಯುವುದರಿಂದ ಆಕಾರವನ್ನೂ ವಕ್ರೀಭವನಾಂಕವನ್ನೂ ತಾಳೆನೋಡಿ ನಿರ್ಣಯಿಸಬೇಕು. ಬಣ್ಣದ ಪರೀಕ್ಷೆ ಇನ್ನೂ ಸುಲಭ. ಎಕ್ಸ್-ಕಿರಣ ಬಿದ್ದಾಗ ಪ್ರತಿಯೊಂದು ಧಾತುವೂ ತನಗೇ ವಿಶಿಷ್ಟವಾದ ಕಿರಣವನ್ನು ಹೊರಸೂಸುತ್ತದೆ. ಕೈಯಲ್ಲಿ ಹಿಡಿಯುವ ಉಪಕರಣವೇ ಸೀಸವನ್ನು ಗುರುತಿಸಬಲ್ಲದು.

ಫಲಿತಾಂಶ ತಿಳಿದ ಮೇಲೆ ಮಾರ್ಗ ಸ್ಪಷ್ಟ. ತಕ್ಕ ಶ್ವಾಸರಕ್ಷಕ ಧರಿಸಿ, ಶೀಟನ್ನು ನೆನೆಸಿ, ತಿರುಪು ಬಿಚ್ಚಿ, ಒಡೆಯದಂತೆ ಇಳಿಸಿ ಸುತ್ತಿಡಬೇಕು. ಮೂಗಿಗೆ ಕಟ್ಟಿದ ವಸ್ತ್ರ ಈ ನಾರನ್ನು ತಡೆಯದು. ಚೂರುಗಳನ್ನು ದಾರಿಯ ಗುಂಡಿಗೆ ತುಂಬಬಾರದು. ಬಣ್ಣದ ಮರವನ್ನು ಸುಡಬಾರದು.

ಕೆಡಹುವ ಮೊದಲೇ ಕೆಲಸದ ಯೋಜನೆ ಸಿದ್ಧವಾಗಿರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ೧೯೮೬ರ ಕಲ್ನಾರು ಒಪ್ಪಂದ ವಿಧಿಸುತ್ತದೆ. ಬ್ರಿಟನ್ ೧೯೯೯ರಲ್ಲಿ ಕಲ್ನಾರನ್ನು ಪೂರ್ತಿ ನಿಷೇಧಿಸಿತು. ಆದರೂ ಅಲ್ಲಿನ ಹಳೆಯ ಕಟ್ಟಡಗಳಲ್ಲಿ ಅದು ಉಳಿದಿರುವುದರಿಂದ ಪರೀಕ್ಷೆ ಇಂದಿಗೂ ಅನಿವಾರ್ಯ. ಭಾರತದಲ್ಲಿ ಇಂತಹ ಶೀಟುಗಳ ತಯಾರಿಕೆಯೇ ಇನ್ನೂ ನಿಂತಿಲ್ಲ. ಇಲ್ಲಿ ಎಚ್ಚರ ಮತ್ತಷ್ಟು ಅಗತ್ಯ.

ಹಳೆಯ ತೊಲೆಯನ್ನು ಕೊಳ್ಳುವವರು ಗೆದ್ದಲು ಹಿಡಿದಿದೆಯೇ ಎಂದು ತಟ್ಟಿ ನೋಡುತ್ತಾರೆ. ಮರಕ್ಕೆ ಸಲ್ಲುವ ಈ ಪರೀಕ್ಷೆ, ಮರವನ್ನು ಇಳಿಸುವವರ ಉಸಿರಿಗೂ ಸಲ್ಲಬೇಕು.