ಒಂಬತ್ತು ಅಕ್ಷರಗಳ ಮಣಿಸರ

ಮೈನಸ್ 1.9 ಡಿಗ್ರಿ! ಅಂಟಾರ್ಕ್ಟಿಕಾದ ಮೆಕ್‌ಮರ್ಡೋ ಕೊಲ್ಲಿಯ ನೀರಿನ ತಣ್ಪು ಅದು. ಉಪ್ಪು ಹೆಚ್ಚಿರುವುದರಿಂದ ಕಡಲು ನೀರಾಗಿ ಉಳಿದಿದೆ. ಮೀನಿನ ನೆತ್ತರಲ್ಲಿ ಅಷ್ಟು ಉಪ್ಪೆಲ್ಲಿ? ಮೈನಸ್ ಒಂದಕ್ಕೆಲ್ಲ ಅದು ಗಡ್ಡೆ ಕಟ್ಟಬೇಕು. ಆದರೂ ತೇಲುವ ಹಿಮದ ಹರಳುಗಳ ನಡುವೆಯೇ ನೋಟೋಥೆನಿಯಾಯ್ಡ್ ಮೀನುಗಳು ಹಾಯಾಗಿ ಈಜುತ್ತವೆ!

1960ರ ದಶಕದಲ್ಲಿ ವಿಜ್ಞಾನಿ ಆರ್ಥರ್ ಡಿವ್ರೀಸ್ ಇದರ ಗುಟ್ಟು ಹಿಡಿದರು. ಆ ರಕ್ತದಲ್ಲಿ ಸಕ್ಕರೆ ಹೊತ್ತ ಒಂದು ಪ್ರೋಟೀನಿದೆ. ಒಳಗೆ ಸೇರಿದ ಹಿಮದ ಹರಳಿಗೆ ಅದು ಅಂಟಿಕೊಂಡುಬಿಡುತ್ತದೆ. ಹರಳು ಮುಂದೆ ಬೆಳೆಯುವುದಿಲ್ಲ. ಪ್ರೋಟೀನಿನ ರಚನೆಯೋ, ಮಗುವೂ ಹೇಳಬಹುದಾದಷ್ಟು ಸರಳ: ಥ್ರಿಯೋನಿನ್, ಅಲನಿನ್, ಅಲನಿನ್; ಮತ್ತೆ ಥ್ರಿಯೋನಿನ್, ಅಲನಿನ್, ಅಲನಿನ್. ಜಪಸರದ ಹಾಗೆ.

ಈ ಸರ ಎಲ್ಲಿಂದ ಬಂತು? 1997ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಲಿಯಾಂಗ್‌ಬಿಯಾವ್ ಚೆನ್, ಕ್ರಿಸ್ಟಿನಾ ಚೆಂಗ್ ಮತ್ತು ಡಿವ್ರೀಸ್ ಅದರ ಜೀನನ್ನು ಬಿಡಿಸಿ ಓದಿದರು. ಎರಡೂ ತುದಿಗಳಲ್ಲಿ ಪರಿಚಿತ ಬರಹ! ಅದು ಟ್ರಿಪ್ಸಿನೋಜನ್‌ನದು, ಅಂದರೆ ತಿಂದದ್ದನ್ನು ಅರಗಿಸುವ ಕಿಣ್ವದ ಮೂಲರೂಪದ್ದು! ಹೊಟ್ಟೆಯ ಕೆಲಸದ ಜೀನು ನೆತ್ತರಿನ ಕಾವಲಿಗೆ ಬಂದು ನಿಂತಿದೆ. ಹಳೆಯ ಜೀನಿನಲ್ಲಿ ಪ್ರೋಟೀನನ್ನು ಬರೆಯದ ಇಂಟ್ರಾನೂ ಬರೆಯುವ ಎಕ್ಸಾನೂ ಸೇರುವ ಗಡಿಯಲ್ಲಿ ಬಿದ್ದಿದ್ದ ಒಂಬತ್ತೇ ಒಂಬತ್ತು ಡಿಎನ್‌ಎ ಅಕ್ಷರಗಳು ನಕಲಾಗಿ, ಮತ್ತೆ ನಕಲಾಗಿ, ಈ ಉದ್ದನೆಯ ಸರವಾಗಿವೆ. ಎರಡು ಜೀನುಗಳ ವ್ಯತ್ಯಾಸವನ್ನು ಎಣಿಸಿದರೆ ಅವು ಬೇರೆಯಾದದ್ದು ಸುಮಾರು 50 ಲಕ್ಷದಿಂದ 1.4 ಕೋಟಿ ವರ್ಷಗಳ ಹಿಂದೆ. ದಕ್ಷಿಣದ ಕಡಲು ಹೆಪ್ಪುಗಟ್ಟತೊಡಗಿದ ಕಾಲವೂ ಹೆಚ್ಚುಕಡಿಮೆ ಅದೇ!

ಮತ್ತೆ 1999ರಲ್ಲಿ ನಡುದಾರಿಯ ಜೀನೇ ಸಿಕ್ಕಿತು: ಅರ್ಧ ಕಿಣ್ವ, ಅರ್ಧ ಹಿಮನಿರೋಧಕ. ಹಳೆಯದು ಹೊಸದಾಗುತ್ತಿದ್ದ ಗಳಿಗೆಯೇ ಕೈಗೆ ಸಿಕ್ಕಂತೆ. ನನಗಂತೂ ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಇನ್ನು ಭೂಮಿಯ ಇನ್ನೊಂದು ತುದಿಗೆ ಹೋಗಿ. ಉತ್ತರಧ್ರುವದ ಕಾಡ್ ಮೀನು ಬೇರೆಯದೇ ವಂಶದ್ದು, ಇವುಗಳಿಗೆ ತೀರ ದೂರದ ನೆಂಟ. ಅದರ ರಕ್ತದಲ್ಲೂ ಥ್ರಿಯೋನಿನ್, ಅಲನಿನ್, ಅಲನಿನ್! ಆದರೆ ಅಲ್ಲಿ ಟ್ರಿಪ್ಸಿನೋಜನ್ನಿನ ಸುಳಿವೇ ಇಲ್ಲ. ಯಾವ ಪ್ರೋಟೀನನ್ನೂ ಬರೆಯದೆ ಸುಮ್ಮನಿದ್ದ ಡಿಎನ್‌ಎಯಿಂದ ಆ ಜೀನು ಎದ್ದುಬಂದಿದೆ ಎಂದು 2019ರಲ್ಲಿ ತಿಳಿಯಿತು. ಎರಡು ಧ್ರುವಗಳಲ್ಲೂ ಅವೇ ಅಮೈನೋ ಆಮ್ಲಗಳು, ಅದೇ ಸರದಿ. ಬರೆದ ಡಿಎನ್‌ಎ ಕಾಗುಣಿತ ಮಾತ್ರ ಬೇರೆ ಬೇರೆ.